ಗೊತ್ತಿಲ್ಲದ ಪದ ಎದುರಾದಾಗ: ಪರೀಕ್ಷೆಯ ಶಬ್ದಾರ್ಥ ಪ್ರಶ್ನೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಎಷ್ಟೋ ಮಕ್ಕಳು ಐದನೇ ತರಗತಿಯಲ್ಲೇ ಮೊದಲ ಪ್ರವೇಶ ಪರೀಕ್ಷೆಗೆ ಕೂರುತ್ತಾರೆ. ಒಬ್ಬರಿಗೆ ಗಾಳಿಬೀಡಿನ ನವೋದಯ, ಇನ್ನೊಬ್ಬರಿಗೆ ಕೂಡಿಗೆಯ ಸೈನಿಕ ಶಾಲೆ. ಮುಂದೆ ಸೇನಾಧಿಕಾರಿಯಾಗಲು ಎನ್‌ಡಿಎ, ಕಾನೂನು ಪದವಿಗೆ ಕ್ಲಾಟ್, ಕೇಂದ್ರ ಸರ್ಕಾರದ ಕೆಲಸಕ್ಕೆ ಎಸ್‌ಎಸ್‌ಸಿ, ಜೊತೆಗೆ ಬ್ಯಾಂಕ್, ಶಿಕ್ಷಕರ ಅರ್ಹತಾ ಪರೀಕ್ಷೆಗಳು ಬರುತ್ತವೆ. ವಿದೇಶಕ್ಕೆ ಓದಲು ಹೋಗುವ ಆಸೆಯಿದ್ದವರಿಗೆ ಪದವಿಗೆ ಸ್ಯಾಟ್, ಸ್ನಾತಕೋತ್ತರ ಓದಿಗೆ ಜಿಆರ್‌ಇ ಇವೆ. ಇವುಗಳಲ್ಲೆಲ್ಲ ಒಂದಲ್ಲ ಒಂದು ರೂಪದಲ್ಲಿ ಪದದ ಅರ್ಥವನ್ನು ಕೇಳಿಯೇ ಕೇಳುತ್ತಾರೆ. ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯ ವಿದ್ಯಾರ್ಥಿಗಳೂ ಪೋಷಕರೂ ಈ ಬಗ್ಗೆ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಸಂದರ್ಭದ ಸುಳಿವು ಎಂದರೇನು?

ಗೊತ್ತಿಲ್ಲದ ಪದದ ಅಕ್ಕಪಕ್ಕದ ಮಾತುಗಳು ಅದರ ಅರ್ಥದ ಬಗ್ಗೆ ಕೊಡುವ ಮಾಹಿತಿಯೇ ಸಂದರ್ಭದ ಸುಳಿವು. ಈ ವಾಕ್ಯ ನೋಡಿ: 'ಮಳೆಗಾಲದಲ್ಲಿ ದಡ ಮೀರಿ ಹರಿಯುವ ಆ ತೊರೆ ಬೇಸಿಗೆಯಲ್ಲಿ ಕೃಶವಾಗುತ್ತದೆ.' 'ಕೃಶ' ಎಂಬ ಪದವನ್ನು ಕೇಳಿಯೇ ಇಲ್ಲದ ಹತ್ತು ವರ್ಷದ ಹುಡುಗಿಗೂ ಇಲ್ಲಿ ಎರಡು ವಿಷಯ ಸಿಗುತ್ತವೆ. ಮಳೆಗಾಲಕ್ಕೆ ಎದುರಾಗಿ ಬೇಸಿಗೆ ನಿಂತಿದೆ, ದಡ ಮೀರಿ ಹರಿಯುವುದಕ್ಕೆ ಎದುರಾಗಿ ಈ ಪದ ನಿಂತಿದೆ. ನಾಲ್ಕು ಆಯ್ಕೆಗಳಲ್ಲಿ 'ಸೊರಗಿದ' ಎಂಬುದು ಕಂಡರೆ ಅವಳು ಅದನ್ನು ಧೈರ್ಯವಾಗಿ ಗುರುತಿಸಬಹುದು.

ಪದದ ಅರ್ಥ ಮೊದಲೇ ಗೊತ್ತಿದ್ದರೆ ಸಂದರ್ಭ ನೋಡುವ ಅಗತ್ಯವಿದೆಯೇ?

ಖಂಡಿತ ಇದೆ. ಗೊತ್ತಿಲ್ಲದ ಪದಗಳಿಗಿಂತ ಗೊತ್ತಿರುವ ಪದಗಳಲ್ಲೇ ಮಕ್ಕಳು ಹೆಚ್ಚು ಅಂಕ ಕಳೆದುಕೊಳ್ಳುತ್ತಾರೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಗೊತ್ತಿಲ್ಲದ ಪದ ಕಂಡಾಗ ನಿಂತು ಯೋಚಿಸುತ್ತೇವೆ. ಗೊತ್ತಿರುವ ಪದ ಕಂಡಾಗ ವಾಕ್ಯವನ್ನೇ ಓದದೆ ಆಯ್ಕೆಗೆ ಹಾರುತ್ತೇವೆ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಿಗೆ ಇದು ಚೆನ್ನಾಗಿ ಗೊತ್ತು.

'ಮಾರ್ಚ್‌ನಲ್ಲಿ ಹದವಾಗಿ ಹೂಮಳೆ ಬಿದ್ದ ಮೇಲೆ ಬೆಳೆಗಾರನ ಮುಖದಲ್ಲಿ ಕಳೆ ಬಂತು.' ಇಲ್ಲಿ 'ಕಳೆ' ಎಂದರೇನು? ಆಯ್ಕೆಗಳು: ಬೇಡದ ಗಿಡ, ಕಾಂತಿ, ನಷ್ಟ, ವ್ಯವಕಲನ. ಕಾಫಿ ತೋಟದ ನಡುವೆ ಬೆಳೆದ ಮಗುವಿಗೆ ಕಳೆ ಎಂದೊಡನೆ ಕಣ್ಣಿಗೆ ಬರುವುದು ಗಿಡಗಳ ಬುಡದಲ್ಲಿ ಕತ್ತಿಯಿಂದ ಸವರುವ ಹುಲ್ಲು. ಬೆಳೆಗಾರ, ಮಳೆ ಎಂಬ ಮಾತುಗಳೂ ಅದೇ ಕಡೆಗೆ ಎಳೆಯುತ್ತವೆ. 'ಮುಖದಲ್ಲಿ' ಎಂಬ ಒಂದು ಪದ ಮಾತ್ರ ಸರಿಯಾದ ಅರ್ಥಕ್ಕೆ ಕರೆದೊಯ್ಯುತ್ತದೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದರೆ ಬೆಳೆಗಾರನಿಗೆ ಆಗುವುದು ಸಂತೋಷ, ಮುಖಕ್ಕೆ ಬರುವುದು ಕಾಂತಿ.

ಇಂಗ್ಲಿಷ್ ಪತ್ರಿಕೆಯಲ್ಲೂ ಹೀಗೆಯೇ. 'ಅರೆಸ್ಟ್' ಎಂದರೆ ಪೊಲೀಸರು ಹಿಡಿಯುವುದು ಎಂದು ಎಲ್ಲರಿಗೂ ಗೊತ್ತು. ಆದರೆ ಇಳಿಜಾರಿನ ತೋಟದಲ್ಲಿ ಮರದ ಬೇರುಗಳು ಮಣ್ಣಿನ ಸವಕಳಿಯನ್ನು 'ಅರೆಸ್ಟ್' ಮಾಡುತ್ತವೆ ಎಂದು ಬಂದರೆ ಅದರ ಅರ್ಥ ತಡೆಯುವುದು. 'ನಾವೆಲ್' ಎಂದರೆ ಕಾದಂಬರಿಯಷ್ಟೇ ಅಲ್ಲ, ಹೊಸತು ಎಂದೂ ಆಗುತ್ತದೆ. 'ಗ್ರೇವ್' ಎಂದರೆ ಸಮಾಧಿ, ಗಂಭೀರ ಎರಡೂ ಹೌದು. 'ಚಾಂಪಿಯನ್' ಕ್ರಿಯಾಪದವಾಗಿ ಬಂದರೆ ಒಂದು ವಿಚಾರದ ಪರವಾಗಿ ನಿಂತು ಹೋರಾಡುವುದು.

ಹಾಗಾದರೆ ಉತ್ತರಿಸುವ ಸರಿಯಾದ ಕ್ರಮ ಯಾವುದು?

ಮೊದಲು ಆಯ್ಕೆಗಳನ್ನು ಕೈಯಿಂದ ಮುಚ್ಚಿ. ಕಂಪ್ಯೂಟರ್ ಪರೀಕ್ಷೆಯಾದರೆ ಕಣ್ಣನ್ನು ಅತ್ತ ಬಿಡಬೇಡಿ. ಗದ್ಯಭಾಗದಲ್ಲಿ ಆ ಪದವಿರುವ ವಾಕ್ಯವನ್ನೂ ಅದರ ಹಿಂದಿನ, ಮುಂದಿನ ವಾಕ್ಯಗಳನ್ನೂ ಓದಿ. ಆ ಜಾಗ ಖಾಲಿಯಿದ್ದರೆ ನೀವು ಯಾವ ಮಾತು ಹಾಕುತ್ತಿದ್ದಿರಿ ಎಂದು ಕೇಳಿಕೊಳ್ಳಿ. ಆ ಮಾತು ಎಷ್ಟೇ ಸಾದಾ ಆಗಿರಲಿ, ನಿಮ್ಮ ಮನೆಮಾತಿನದೇ ಆಗಿರಲಿ, ಪರವಾಗಿಲ್ಲ. ಆಮೇಲೆ ಕೈ ತೆಗೆದು, ನಿಮ್ಮ ಮಾತಿಗೆ ಹತ್ತಿರವಾದ ಆಯ್ಕೆ ಯಾವುದೆಂದು ನೋಡಿ. ಕೊನೆಗೆ ಅದನ್ನು ವಾಕ್ಯದಲ್ಲಿಟ್ಟು ಇನ್ನೊಮ್ಮೆ ಓದಿ.

ಒಂದು ಗದ್ಯಭಾಗದಲ್ಲಿ ಇದನ್ನು ಮಾಡಿ ನೋಡೋಣ. 'ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದ ಮೇಲೂ ಅಜ್ಜ ಬೆಳಗಿನ ಐದಕ್ಕೆ ಏಳುವುದನ್ನು ಬಿಡಲಿಲ್ಲ. ಮಳೆ ಸುರಿಯಲಿ, ಮಂಜು ಕವಿಯಲಿ, ಗದ್ದೆಯ ಬದುವಿನ ಮೇಲೆ ಒಂದು ಸುತ್ತು ನಡೆದು ಬಂದ ಮೇಲೆಯೇ ಅವರಿಗೆ ಕಾಫಿ. ಈ ವಿಷಯದಲ್ಲಿ ಅವರು ಯಾರಿಗೂ ರಿಯಾಯಿತಿ ಕೊಡುತ್ತಿರಲಿಲ್ಲ. ರಜೆಗೆ ಬಂದ ಮೊಮ್ಮಕ್ಕಳೂ ಐದಕ್ಕೇ ಹಾಸಿಗೆ ಬಿಡಬೇಕಿತ್ತು.' ಪ್ರಶ್ನೆ: 'ರಿಯಾಯಿತಿ' ಎಂದರೆ? ಆಯ್ಕೆಗಳು: ಬೆಲೆ ಇಳಿಕೆ, ಬಹುಮಾನ, ಸಡಿಲಿಕೆ, ಮರ್ಯಾದೆ.

ಅಂಗಡಿಯ ಫಲಕಗಳಲ್ಲಿ ನಾವು ದಿನಾ ನೋಡುವ ರಿಯಾಯಿತಿಯೆಂದರೆ ಬೆಲೆ ಇಳಿಕೆ. ಆಯ್ಕೆಗಳನ್ನು ಮೊದಲು ಓದಿದವರು ಅಲ್ಲೇ ನಿಂತುಬಿಡುತ್ತಾರೆ. ಮುಚ್ಚಿಕೊಂಡು ಓದಿದವರು ಮುಂದಿನ ವಾಕ್ಯವನ್ನೂ ನೋಡುತ್ತಾರೆ. ಮೊಮ್ಮಕ್ಕಳೂ ಐದಕ್ಕೇ ಏಳಬೇಕಿತ್ತು, ಅಂದರೆ ಅಜ್ಜ ಯಾರನ್ನೂ 'ಹೋಗಲಿ ಬಿಡು' ಎನ್ನುತ್ತಿರಲಿಲ್ಲ. ಆ 'ಹೋಗಲಿ ಬಿಡು' ಎಂಬುದೇ ನಿಮ್ಮ ಸ್ವಂತ ಮಾತು. ಅದಕ್ಕೆ ಹತ್ತಿರವಾದದ್ದು ಸಡಿಲಿಕೆ. ವಾಕ್ಯದಲ್ಲಿಟ್ಟರೆ ಸಲೀಸಾಗಿ ಕೂರುತ್ತದೆ.

ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಸ್ವಂತ ಮಾತು ಮೊದಲು, ಆಯ್ಕೆ ಆಮೇಲೆ. ನಾಲ್ಕು ಆಯ್ಕೆಗಳಲ್ಲಿ ಮೂರು ನಿಮ್ಮನ್ನು ತಪ್ಪಿಸಲೆಂದೇ ಬರೆದವು. ಅವುಗಳನ್ನು ಮೊದಲು ಓದಿದರೆ ವಾಕ್ಯವನ್ನು ಅವುಗಳ ಕಣ್ಣಿನಿಂದಲೇ ನೋಡಬೇಕಾಗುತ್ತದೆ.

ಸುಳಿವುಗಳಲ್ಲಿ ಎಷ್ಟು ಬಗೆ? ಹೆಸರುಗಳನ್ನು ಬಾಯಿಪಾಠ ಮಾಡಬೇಕೇ?

ಹೆಸರುಗಳನ್ನು ಯಾರೂ ಕೇಳುವುದಿಲ್ಲ. ವಾಕ್ಯದೊಳಗೆ ಅವು ಹೇಗೆ ಕಾಣಿಸಿಕೊಳ್ಳುತ್ತವೆ ಎಂದು ಗೊತ್ತಿದ್ದರೆ ಸಾಕು. 'ಅಂದರೆ', 'ಎಂದರೆ' ಬಂದಲ್ಲಿ ಅರ್ಥವನ್ನು ಲೇಖಕರೇ ಹೇಳಿಬಿಟ್ಟಿರುತ್ತಾರೆ. 'ಆದರೆ', 'ಆದರೂ', 'ಬದಲಾಗಿ', 'ಮಾತ್ರ' ಬಂದಲ್ಲಿ ಎದುರಿನ ಅರ್ಥ ಹುಡುಕಿ. 'ಹೀಗಾಗಿ', 'ಆದ್ದರಿಂದ' ಇದ್ದರೆ ಕಾರಣದಿಂದ ಪರಿಣಾಮವನ್ನು ಊಹಿಸಬಹುದು. 'ಮುಂತಾದ', 'ಮೊದಲಾದ' ಇದ್ದರೆ ಅವುಗಳ ಹಿಂದಿನ ಉದಾಹರಣೆಗಳೇ ಸಾಕ್ಷಿ. ಏಲಕ್ಕಿ, ಕರಿಮೆಣಸು, ಲವಂಗ ಮೊದಲಾದ 'ಸಾಂಬಾರ ಪದಾರ್ಥಗಳು' ಎಂದ ಮೇಲೆ ಸಾಂಬಾರವೆಂದರೆ ಅನ್ನಕ್ಕೆ ಬಡಿಸುವ ಸಾಂಬಾರು ಅಲ್ಲವೆಂದು ಸ್ಪಷ್ಟ. ಇಂಗ್ಲಿಷ್‌ನಲ್ಲಿ 'ಬಟ್', 'ಆಲ್ದೋ', 'ಹೌಎವರ್', 'ಅನ್‌ಲೈಕ್' ಎಂಬ ತಿರುವು ಪದಗಳನ್ನು ಕಂಡಾಗಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕುವ ಅಭ್ಯಾಸ ಮಾಡಿಕೊಳ್ಳಿ. ಅವುಗಳ ಆಚೀಚೆ ಅರ್ಥ ಮಗುಚುತ್ತದೆ.

ಪದವನ್ನು ಒಡೆದು ನೋಡಿ ಅರ್ಥ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು. ನಿರ್-, ದುರ್-, ಸು-, ಪ್ರತಿ- ಎಂಬ ಉಪಸರ್ಗಗಳೂ, -ಹೀನ, -ರಹಿತ, -ಶೀಲ ಎಂಬ ಕೊನೆಗಳೂ ಕನ್ನಡದಲ್ಲಿ ತುಂಬ ಸಹಾಯಕ್ಕೆ ಬರುತ್ತವೆ. ಆದರೆ ಒಡೆಯುವ ಜಾಗ ತಪ್ಪಿದರೆ ಉತ್ತರವೂ ತಪ್ಪುತ್ತದೆ. 'ಅನುಪಮ' ಎಂಬುದನ್ನು ಅನುಕರಣೆ, ಅನುಸರಣೆಗಳ ಸಾಲಿಗೆ ಸೇರಿಸುವವರಿದ್ದಾರೆ. ಅದು ಅನ್ ಮತ್ತು ಉಪಮಾ ಸೇರಿ ಆದ ಪದ, ಅರ್ಥ ಹೋಲಿಕೆಯಿಲ್ಲದ್ದು. ಇಂಗ್ಲಿಷ್‌ನಲ್ಲಿ 'ಇನ್' ಎಂಬ ಆರಂಭ ಕಂಡೊಡನೆ ಉಳಿದ ಭಾಗಕ್ಕೆ ವಿರುದ್ಧವಾದ ಅರ್ಥವೆಂದು ಭಾವಿಸಬೇಡಿ. 'ಇನ್‌ವ್ಯಾಲ್ಯುಬಲ್' ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದಷ್ಟು ಅಮೂಲ್ಯ. 'ಇನ್‌ಫ್ಲೇಮಬಲ್' ಎಂದರೆ ಬೆಂಕಿ ಹೊತ್ತಿಕೊಳ್ಳುವಂಥದ್ದು. ಒಡೆದು ನೋಡಿ ಬಂದ ಅರ್ಥವನ್ನು ವಾಕ್ಯ ಒಪ್ಪುತ್ತದೆಯೇ ಎಂದು ನೋಡಿದ ಮೇಲೆಯೇ ಗುರುತು ಹಾಕಿ.

ಸಂದರ್ಭವೇ ದಾರಿ ತಪ್ಪಿಸುವುದುಂಟೇ?

ಉಂಟು. ಇಸಾಬೆಲ್ ಬೆಕ್, ಮಾರ್ಗರೆಟ್ ಮೆಕ್‌ಕೌನ್ ಮತ್ತು ಎಲೆನ್ ಮೆಕ್‌ಕ್ಯಾಸ್ಲಿನ್ ಎಂಬ ಸಂಶೋಧಕಿಯರು 1983ರಲ್ಲಿ ಸಂದರ್ಭಗಳನ್ನು ನಾಲ್ಕಾಗಿ ವಿಂಗಡಿಸಿದರು. ಅರ್ಥಕ್ಕೆ ನೇರವಾಗಿ ಕರೆದೊಯ್ಯುವುದು, ಸ್ಥೂಲವಾಗಿ ತೋರಿಸುವುದು, ಏನನ್ನೂ ಹೇಳದೆ ಇರುವುದು, ತಪ್ಪು ಅರ್ಥದ ಕಡೆಗೆ ತಿರುಗಿಸುವುದು. ಕೊನೆಯ ಬಗೆಯ ಬಗ್ಗೆ ಹೆಚ್ಚು ಎಚ್ಚರ ಬೇಕು.

'ಮೊಮ್ಮಗಳಿಗೆ ಹಾಕಿಯಲ್ಲಿ ಬಹುಮಾನ ಬಂದ ದಿನ ಮನೆಯಲ್ಲೆಲ್ಲ ಸಂಭ್ರಮ. ತಾತ ಮಾತ್ರ ನಿರ್ಲಿಪ್ತರಾಗಿ ಕುಳಿತಿದ್ದರು.' ಇಷ್ಟನ್ನೇ ಓದಿದರೆ ಸಂಭ್ರಮಕ್ಕೆ ಎದುರಾದದ್ದು ಬೇಸರವೆಂದು ತೋರುತ್ತದೆ. ಆಯ್ಕೆಗಳಲ್ಲಿ 'ದುಃಖಿತ' ಎಂಬುದೂ ಇರುತ್ತದೆ. ಮುಂದಿನ ವಾಕ್ಯ ಹೀಗಿದೆ: 'ಅವಳು ಸೋತು ಬಂದಿದ್ದರೂ ಅವರು ಹೀಗೆಯೇ ಇರುತ್ತಿದ್ದರು.' ಈಗ ದುಃಖದ ಮಾತು ಬಿದ್ದುಹೋಯಿತು. ಗೆಲುವಿಗೂ ಸೋಲಿಗೂ ಅಂಟಿಕೊಳ್ಳದವರು ಎಂಬ ಅರ್ಥ ನಿಂತಿತು. ವಿರೋಧದ ಸುಳಿವು ಪದ ಏನಲ್ಲ ಎಂಬುದನ್ನು ಹೇಳುತ್ತದೆ, ಏನು ಎಂಬುದನ್ನು ಹೇಳಲು ಕೆಲವೊಮ್ಮೆ ಇನ್ನೊಂದು ವಾಕ್ಯ ಬೇಕು. ಮುಂದಿನ ವಾಕ್ಯವನ್ನೂ ಓದಿ ಎಂದು ಒತ್ತಿ ಹೇಳುವುದು ಇದಕ್ಕೇ.

ಮನೆಯಲ್ಲಿ ಕೊಡವ ತಕ್ಕ್ ಮಾತನಾಡುತ್ತೇವೆ, ಪಕ್ಕದ ಮನೆಯವರದು ಮಲಯಾಳಂ. ಮಗುವಿಗೆ ಕನ್ನಡ ಪದಗಳು ಕಡಿಮೆ ಗೊತ್ತು. ಹಿಂದೆ ಬೀಳುತ್ತದೆಯೇ?

ದಯವಿಟ್ಟು ಹಾಗೆ ಯೋಚಿಸಬೇಡಿ, ಮಗುವಿನ ಮುಂದೆಯಂತೂ ಹಾಗೆ ಹೇಳಬೇಡಿ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ತೋಟದಲ್ಲಿ ಯರವ ನುಡಿ, ಪೇಟೆಯಲ್ಲಿ ಮಲಯಾಳಂ, ತುಳು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಕೇಳಿಸಿಕೊಳ್ಳುವ ಮಗು ಅರ್ಧ ಗೊತ್ತಿರುವ ಮಾತಿನಿಂದ ಪೂರ್ತಿ ಅರ್ಥ ಹೊರಡಿಸುವ ಕೆಲಸವನ್ನು ನಡೆಯಲು ಕಲಿತಾಗಿನಿಂದ ಮಾಡುತ್ತಿದೆ. ಸಂದರ್ಭದ ಸುಳಿವು ಬೇಡುವುದೂ ಅದೇ ಜಾಣತನವನ್ನು. ಆ ಜಾಣತನವನ್ನು ಕಾಗದದ ಮೇಲೂ ಬಳಸಬಹುದು ಎಂದು ಮಗುವಿಗೆ ಯಾರಾದರೂ ತೋರಿಸಿಕೊಡಬೇಕು.

ಎಚ್ಚರ ಬೇಕಾದ ಜಾಗ ಒಂದಿದೆ. ಒಂದೇ ರೂಪದ ಪದ ಎರಡು ಭಾಷೆಗಳಲ್ಲಿ ಬೇರೆ ಬೇರೆ ಅರ್ಥ ಕೊಡಬಹುದು. ಮಲಯಾಳಂನಲ್ಲಿ 'ಚೋದ್ಯಂ' ಎಂದರೆ ಪ್ರಶ್ನೆ. 'ಮಳೆಯೇ ಇಲ್ಲದೆ ಹೊಳೆ ಉಕ್ಕಿದ್ದು ಊರವರಿಗೆ ಚೋದ್ಯವಾಗಿ ಕಂಡಿತು' ಎಂಬ ಕನ್ನಡ ವಾಕ್ಯದಲ್ಲಿ ಅದು ಅಚ್ಚರಿ. ಹಿಂದಿಯ 'ಶಿಕ್ಷಾ' ವಿದ್ಯೆ, ಕನ್ನಡದ ಶಿಕ್ಷೆ ದಂಡನೆ. ಹಿಂದಿಯ 'ಉಪನ್ಯಾಸ್' ಕಾದಂಬರಿ, ಕನ್ನಡದಲ್ಲಿ ಅದು ಭಾಷಣ, ಪಾಠ. ಮನೆಮಾತಿನ ಅರ್ಥ ಮೊದಲು ಹೊಳೆದರೆ ತಪ್ಪಿಲ್ಲ, ಅದನ್ನೂ ವಾಕ್ಯದಲ್ಲಿಟ್ಟು ನೋಡಲಿ.

ನುಡಿಗಟ್ಟುಗಳಿಗೂ ಇದೇ ಕ್ರಮವೇ?

ಹೌದು. 'ಈ ವರ್ಷ ಕಾಫಿ ಕೈಕೊಟ್ಟಿತು, ಕರಿಮೆಣಸು ಕೈಹಿಡಿಯಿತು' ಎಂಬ ವಾಕ್ಯದಲ್ಲಿ ಎರಡು ನುಡಿಗಟ್ಟುಗಳು ಒಂದಕ್ಕೊಂದು ಎದುರಾಗಿವೆ. ಒಂದು ಗೊತ್ತಿದ್ದರೆ ಇನ್ನೊಂದು ತಾನಾಗಿ ತಿಳಿಯುತ್ತದೆ. ಬಿಡಿ ಪದಗಳ ಅರ್ಥವನ್ನೇ ಹೇಳುವ ಆಯ್ಕೆಯನ್ನು ಮೊದಲು ಅನುಮಾನಿಸಿ.

ಯಾವ ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಹೇಗೆ ಬರುತ್ತದೆ?

ನವೋದಯದ ಆರನೇ ತರಗತಿ ಪ್ರವೇಶ ಪರೀಕ್ಷೆಯ ಭಾಷಾ ವಿಭಾಗದಲ್ಲಿ 20 ಪ್ರಶ್ನೆ, 25 ಅಂಕ. ನಾಲ್ಕು ಗದ್ಯಭಾಗಗಳು, ಒಂದೊಂದಕ್ಕೆ ಐದು ಪ್ರಶ್ನೆಗಳು. ಕನ್ನಡದಲ್ಲೇ ಬರೆಯಬಹುದು. ಸೈನಿಕ ಶಾಲೆಯ ಆರನೇ ತರಗತಿ ಪರೀಕ್ಷೆಯಲ್ಲಿ ಭಾಷೆಗೆ 25 ಪ್ರಶ್ನೆ, 50 ಅಂಕ. ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡು ಭಾಷೆಗಳಿಗೂ 30 ಪ್ರಶ್ನೆಗಳಂತೆ ಇವೆ. ಎನ್‌ಡಿಎ ಸಾಮಾನ್ಯ ಸಾಮರ್ಥ್ಯ ಪತ್ರಿಕೆಯ 600 ಅಂಕಗಳಲ್ಲಿ 200 ಅಂಕ ಇಂಗ್ಲಿಷಿನದು. ಸೈನ್ಯಕ್ಕೆ ಸೇರುವ ಹಂಬಲ ಮನೆಮನೆಯಲ್ಲಿರುವ ಈ ಜಿಲ್ಲೆಯಲ್ಲಿ ಎಲ್ಲರೂ ಗಣಿತಕ್ಕೇ ಟ್ಯೂಷನ್ ಹುಡುಕುತ್ತಾರೆ. ಆ 200 ಅಂಕಗಳ ಮೇಲೂ ಗಮನ ಕೊಡಬೇಕೆಂದು ನಾನು ಪೋಷಕರನ್ನು ಕೇಳಿಕೊಳ್ಳುತ್ತೇನೆ.

ಅಮೆರಿಕದ ಸ್ಯಾಟ್ ಪರೀಕ್ಷೆ ಹೊರದೇಶದವರಿಗೆ 2023ರಿಂದ ಡಿಜಿಟಲ್ ಆಗಿದೆ. ಓದು ಮತ್ತು ಬರಹದ ವಿಭಾಗದಲ್ಲಿ 64 ನಿಮಿಷಕ್ಕೆ 54 ಪ್ರಶ್ನೆ, ಪ್ರತಿ ಪ್ರಶ್ನೆಗೂ 25ರಿಂದ 150 ಪದಗಳ ಪುಟ್ಟ ಗದ್ಯಭಾಗ. ಸಂದರ್ಭದಲ್ಲಿ ಪದದ ಅರ್ಥ ಕೇಳುವ ಪ್ರಶ್ನೆಗಳು ಅದರಲ್ಲಿ ಒಂದು ಪ್ರತ್ಯೇಕ ಬಗೆಯಾಗಿಯೇ ಇವೆ. ಜಿಆರ್‌ಇಯಲ್ಲಿ ಬಿಟ್ಟ ಸ್ಥಳ ಒಂದರಿಂದ ಮೂರರವರೆಗೆ ಇರಬಹುದು, ಎಲ್ಲವೂ ಸರಿಯಾದರೆ ಮಾತ್ರ ಅಂಕ.

ಒಂದೇ ವಾಕ್ಯದಲ್ಲಿ ಎರಡು ಮೂರು ಬಿಟ್ಟ ಸ್ಥಳಗಳಿದ್ದರೆ ಎಲ್ಲಿಂದ ಆರಂಭಿಸಬೇಕು?

ಸುಳಿವು ಗಟ್ಟಿಯಾಗಿರುವ ಕಡೆಯಿಂದ. ಅದು ಮೊದಲ ಸ್ಥಳವೇ ಆಗಬೇಕೆಂದಿಲ್ಲ. ಎರಡನೆಯದು ತುಂಬಿದರೆ ಮೊದಲನೆಯದಕ್ಕೆ ಎಷ್ಟೋ ಆಯ್ಕೆಗಳು ಉದುರುತ್ತವೆ. ಒಂದೇ ಗದ್ಯಭಾಗದಲ್ಲಿ ಹಲವು ಪದಗಳನ್ನು ತೆಗೆದು ಕೊಡುವ ಪ್ರಶ್ನೆಯಾದರೆ ಒಮ್ಮೆ ಪೂರ್ತಿ ಓದದೆ ಒಂದನ್ನೂ ತುಂಬಬೇಡಿ. ಐದನೆಯ ಸಾಲಿನಲ್ಲಿ ಲೇಖಕರ ನಿಲುವು ಗೊತ್ತಾದ ಮೇಲೆ ಮೊದಲ ಸಾಲಿನ ಪದ ಬದಲಾಗಬಹುದು.

ಉತ್ತರ ಖಚಿತವಿಲ್ಲದಿದ್ದರೆ ಗುರುತು ಹಾಕಬೇಕೇ, ಬಿಡಬೇಕೇ?

ಪರೀಕ್ಷೆಯ ಮೇಲೆ ಅವಲಂಬಿಸಿದೆ. ನವೋದಯ, ಸೈನಿಕ ಶಾಲೆ, ಶಿಕ್ಷಕರ ಅರ್ಹತಾ ಪರೀಕ್ಷೆ, ಸ್ಯಾಟ್, ಜಿಆರ್‌ಇಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಒಂದನ್ನೂ ಖಾಲಿ ಬಿಡಬಾರದು. ಕ್ಲಾಟ್‌ನಲ್ಲೂ ಎಸ್‌ಎಸ್‌ಸಿಯ ಪದವಿ ಮಟ್ಟದ ಮೊದಲ ಹಂತದಲ್ಲೂ ಪ್ರಶ್ನೆಯ ಅಂಕದ ಕಾಲು ಭಾಗ ಹೋಗುತ್ತದೆ, ಎನ್‌ಡಿಎಯಲ್ಲಿ ಮೂರನೇ ಒಂದು ಭಾಗ.

ಲೆಕ್ಕ ಹಾಕೋಣ. ನಾಲ್ಕು ಆಯ್ಕೆಗಳಿರುವ ನಾಲ್ಕು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಉತ್ತರಿಸಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಮೂರನೇ ಒಂದು ಭಾಗದ ಕಡಿತವಿದ್ದರೆ ಬಂದದ್ದು ಹೋದದ್ದಕ್ಕೆ ಸಮ, ಲಾಭವಿಲ್ಲ. ಆದರೆ ಸಂದರ್ಭ ನೋಡಿ ಪ್ರತಿ ಪ್ರಶ್ನೆಯಲ್ಲೂ ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಿದರೆ, ಮೂರು ಪ್ರಶ್ನೆಗೆ ಒಂದು ಸರಿ, ಎರಡು ತಪ್ಪು. ಆಗ ಒಂದರಲ್ಲಿ ಮೂರನೇ ಎರಡು ಭಾಗ ಹೋಗಿ ಮೂರನೇ ಒಂದು ಭಾಗ ಉಳಿಯುತ್ತದೆ. ಆದ್ದರಿಂದ ಒಂದನ್ನಾದರೂ ತೆಗೆದುಹಾಕಲು ಆದರೆ ಗುರುತು ಹಾಕಿ, ಯಾವುದನ್ನೂ ತೆಗೆಯಲಾಗದಿದ್ದರೆ ಮುಂದೆ ಹೋಗಿ. ಪದದ ಅರ್ಥ ಒಳ್ಳೆಯದೋ ಕೆಟ್ಟದ್ದೋ ಎಂಬಷ್ಟು ತಿಳಿದರೂ ಅನೇಕ ಸಲ ಎರಡು ಆಯ್ಕೆಗಳು ಬಿದ್ದುಹೋಗುತ್ತವೆ.

ಹಾಗಾದರೆ ಪದಗಳ ಪಟ್ಟಿ ಬಾಯಿಪಾಠ ಮಾಡುವುದು ವ್ಯರ್ಥವೇ?

ವ್ಯರ್ಥವಲ್ಲ. ಸುತ್ತಲಿನ ಪದಗಳೇ ಗೊತ್ತಿಲ್ಲದಿದ್ದರೆ ಸುಳಿವು ಎಲ್ಲಿಂದ ಬರಬೇಕು? ಇಂಗ್ಲಿಷ್ ಕಲಿಯುವವರು ನಿಘಂಟಿನ ನೆರವಿಲ್ಲದೆ ಕಥೆಯೊಂದನ್ನು ಅರ್ಥ ಮಾಡಿಕೊಳ್ಳಲು ಅದರ ಸುಮಾರು 98 ಶೇಕಡಾ ಪದಗಳು ಗೊತ್ತಿರಬೇಕೆಂದು ಮಾರ್ಸೆಲ್ಲಾ ಹೂ ಮತ್ತು ಪಾಲ್ ನೇಶನ್ ಎಂಬ ಭಾಷಾತಜ್ಞರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಐವತ್ತು ಪದಕ್ಕೆ ಒಂದೇ ಅಪರಿಚಿತ ಪದ ಎಂದಾಯಿತು. ನನ್ನ ಆಕ್ಷೇಪವಿರುವುದು ಒಂದು ಪದದ ಮುಂದೆ ಒಂದೇ ಅರ್ಥ ಬರೆದು ಗಿಳಿಪಾಠ ಒಪ್ಪಿಸುವ ಪಟ್ಟಿಗೆ. ಪ್ರತಿ ಪದಕ್ಕೂ ಒಂದು ವಾಕ್ಯ ಬರೆಸಿ, ಮಗು ತಾನೇ ಕಟ್ಟಿದ ವಾಕ್ಯ. ಪದಗಳ ಸಂಖ್ಯೆ ಕಡಿಮೆಯಾದರೂ ಕಲಿತದ್ದು ಉಳಿಯುತ್ತದೆ.

ಕೋಚಿಂಗ್‌ಗೆ ಕಳಿಸಲು ನಮ್ಮಿಂದ ಆಗುವುದಿಲ್ಲ. ಮನೆಯಲ್ಲೇ ಅಭ್ಯಾಸ ಮಾಡಿಸುವುದು ಹೇಗೆ?

ಒಂದು ದಿನಪತ್ರಿಕೆ, ಒಂದು ಕಪ್ಪು ಪೆನ್ನು ಸಾಕು. ಮಡಿಕೇರಿಯಿಂದ ಬರುವ 'ಶಕ್ತಿ'ಯೇ ಇರಲಿ, ಬೇರೆ ಪತ್ರಿಕೆಯೇ ಇರಲಿ, ಮಗುವಿಗೆ ವಿಷಯ ಗೊತ್ತಿರುವ ಒಂದು ಸುದ್ದಿ ಆರಿಸಿ. ಕಾಡಾನೆ ತೋಟಕ್ಕೆ ನುಗ್ಗಿದ್ದು, ಹಾಕಿ ಪಂದ್ಯ, ಹೊಳೆಯ ನೀರಿನ ಮಟ್ಟ, ಯಾವುದಾದರೂ ಆದೀತು. ಮೊದಲ ಎರಡು ವಾಕ್ಯ ಬಿಟ್ಟು, ಮುಂದೆ ಹತ್ತು ಪದಕ್ಕೊಂದರಂತೆ ಕಪ್ಪು ಮಾಡಿ ಮಗುವಿಗೆ ಕೊಡಿ. ಅಡಿಯಲ್ಲಿ ಏನಿತ್ತೆಂದು ಅದು ಹೇಳಲಿ. ಅದೇ ಪದ ಬರಬೇಕೆಂದಿಲ್ಲ, ವಾಕ್ಯಕ್ಕೆ ಹೊಂದುವ ಪದ ಬಂದರೆ ಸರಿ ಎನ್ನಿ. ಪ್ರತಿ ಉತ್ತರಕ್ಕೂ 'ಯಾವ ಮಾತು ನೋಡಿ ಹೀಗೆ ಹೇಳಿದೆ?' ಎಂದು ಕೇಳಿ. ಅಭ್ಯಾಸದ ಜೀವಾಳ ಈ ಪ್ರಶ್ನೆಯೇ. ಮಗು ಬೆರಳಿಟ್ಟು ಆ ಪದವನ್ನು ತೋರಿಸುವಂತಾದರೆ ಅದಕ್ಕೆ ಸುಳಿವು ಕಾಣಲು ಆರಂಭವಾಗಿದೆ ಎಂದು ತಿಳಿಯಿರಿ. ಪದಗಳನ್ನು ಅಳಿಸಿ ತುಂಬಿಸುವ ಈ ವಿಧಾನವನ್ನು ಅಮೆರಿಕದ ವಿಲ್ಸನ್ ಟೇಲರ್ 1953ರಲ್ಲಿ ಒಂದು ಬರಹ ಎಷ್ಟು ಸುಲಭವಾಗಿ ಓದಿಸಿಕೊಳ್ಳುತ್ತದೆಂದು ಅಳೆಯಲು ರೂಪಿಸಿದರು. ಇಂದಿಗೂ ಬ್ಯಾಂಕ್, ಎಸ್‌ಎಸ್‌ಸಿ ಪತ್ರಿಕೆಗಳಲ್ಲಿ ಅದೇ ಮಾದರಿಯ ಪ್ರಶ್ನೆಗಳಿವೆ.

ಆಷಾಢದ ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಹೋದ ಸಂಜೆಗಳಲ್ಲಿ ಇದನ್ನು ಬಾಯಿಮಾತಿನಲ್ಲೇ ಆಡಬಹುದು. ಒಬ್ಬರು ಒಂದು ಪದ ನುಂಗಿ ವಾಕ್ಯ ಹೇಳುವುದು, ಉಳಿದವರು ತುಂಬುವುದು.

ವಾಕ್ಯವೇ ಇಲ್ಲದೆ ಒಂಟಿ ಪದ ಕೊಟ್ಟು ಸಮಾನಾರ್ಥಕ ಕೇಳಿದರೆ?

ಆಗ ಸಂದರ್ಭವನ್ನು ನೀವೇ ತರಬೇಕು. ಆ ಪದವನ್ನು ಎಲ್ಲಿ ಕೇಳಿದ್ದೀರಿ, ಯಾವ ಪದದ ಜೊತೆಗೆ ಬರುತ್ತದೆ ಎಂದು ನೆನಪಿಸಿಕೊಳ್ಳಿ. 'ಅವಿರತ' ಎಂದರೆ ತೋಚದಿದ್ದರೂ 'ಅವಿರತ ಶ್ರಮ' ಎಂಬುದು ನೆನಪಾದರೆ ಎಡೆಬಿಡದ ಎಂಬ ಅರ್ಥ ಹತ್ತಿರ ಬರುತ್ತದೆ.

ಪರೀಕ್ಷೆಗೆ ಒಂದೇ ವಾರವಿದೆ. ಈಗ ಏನು ಮಾಡಲಿ?

ಹೊಸ ಪದಗಳ ಪಟ್ಟಿ ಹಿಡಿಯಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳ ಗದ್ಯಭಾಗಗಳನ್ನು ಮಾತ್ರ ತೆಗೆದುಕೊಂಡು, ಆಯ್ಕೆಗಳ ಮೇಲೆ ಕಾಗದದ ಪಟ್ಟಿಯೊಂದನ್ನಿಟ್ಟು, ನಿಮ್ಮ ಸ್ವಂತ ಮಾತನ್ನು ಅದರ ಮೇಲೆ ಬರೆಯುತ್ತಾ ಹೋಗಿ. ತಪ್ಪಾದ ಪ್ರಶ್ನೆಗಳಲ್ಲಿ ಯಾವ ಸುಳಿವು ಕಣ್ಣು ತಪ್ಪಿಸಿತೆಂದು ಅಡಿಗೆರೆ ಎಳೆಯಿರಿ. ಹೆಚ್ಚಿನವರಿಗೆ ಒಂದೇ ಬಗೆಯ ಸುಳಿವು ಮತ್ತೆ ಮತ್ತೆ ತಪ್ಪುತ್ತಿರುತ್ತದೆ. ಕೆಲವರಿಗೆ ಅದು 'ಆದರೂ' ಎಂಬ ಪದ, ಕೆಲವರಿಗೆ ಮುಂದಿನ ವಾಕ್ಯ. ನಿಮ್ಮದು ಯಾವುದೆಂದು ಮೂರು ನಾಲ್ಕು ಗದ್ಯಭಾಗಗಳಲ್ಲೇ ಗೊತ್ತಾಗುತ್ತದೆ, ಉಳಿದ ದಿನಗಳಲ್ಲಿ ಅದೊಂದನ್ನೇ ತಿದ್ದಿಕೊಳ್ಳಿ.